ಮೋಡೆಮ್‌ಗೆ ಹೊದಿಸಿದ ಕಂಬಳಿ

ಚಿತ್ರದುರ್ಗದ ಆ ಕಾಲೇಜಿನವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕನ್ನಡ ಪಾಠ ಮಾಡುವ ಕೆಲಸ. ಮೂರು ವರ್ಷ ಕಾದ ಮೇಲೆ ಬಂದ ಒಂದೇ ಒಂದು ಸಂದರ್ಶನ. ಯಲ್ಲದಕೆರೆಯಿಂದ ಹಿರಿಯೂರಿಗೆ ಬಂದು ಬಸ್ಸು ಬದಲಿಸಿದರೆ ಹನ್ನೊಂದರೊಳಗೆ ನಿಮ್ಮೆದುರು ಕೂರುತ್ತೇನೆ ಎಂದು ಫೋನಿನಲ್ಲಿ ಬೇಡಿಕೊಂಡೆ. ಬೇಡವಂತೆ. ವಿಡಿಯೋದಲ್ಲೇ ಬರಬೇಕಂತೆ, ಒಮ್ಮೆ ಸಂಪರ್ಕ ತಪ್ಪಿದರೆ ಮತ್ತೆ ಕರೆಯುವುದಿಲ್ಲವಂತೆ. ಹಳ್ಳಿಯ ಕರೆಂಟು, ಸಿಗ್ನಲ್ಲು ಎಂಥವು ಎಂದು ಗೊತ್ತಿದ್ದೂ ಹೀಗೆ ಹೇಳುವವರನ್ನು ಏನೆನ್ನಬೇಕು?

ಹಿರಿಯೂರಿಗೆ ಹೋಗಿ ಅಂಗೈಯಗಲದ ಒಂದು ವೈರ್‌ಲೆಸ್ ಮೋಡೆಮ್ ತಂದೆ. ಅಂಗಡಿಯವನು, "ಚಾರ್ಜ್ ಹಾಕ್ರಿ, ಬಟನ್ ಒತ್ರಿ, ಅಷ್ಟೇ ರೀ" ಎಂದ. ಅಷ್ಟೇ ಆಗಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ. ನಡುಮನೆಯಲ್ಲಿ ಇಟ್ಟರೆ ಕೆಂಪು ದೀಪ, ಕಿಟಕಿಯಲ್ಲಿ ಇಟ್ಟರೂ ಕೆಂಪು. ಸಂದರ್ಶನದ ಬೆಳಗ್ಗೆ ಮಾಳಿಗೆಗೆ ಒಯ್ದು ನೀರಿನ ಟ್ಯಾಂಕಿನ ನೆರಳಿನಲ್ಲಿ ಇಟ್ಟಾಗ ಹಸಿರು ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಹಸಿರು ಬಂದ ಮರುಗಳಿಗೆಗೆ ಕರೆಂಟು ಹೋಯಿತು. ಮೋಡೆಮನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ, ಯಾರೂ ಮುಟ್ಟಬಾರದು ಎಂದು ಅಪ್ಪನಿಗೆ ಹೇಳಿ, ಕೆಳಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತೆ.

ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಪರದೆಯಲ್ಲಿ ಮೂವರಿದ್ದರು. ನಡುವಿನವರು, "ಹಳಗನ್ನಡದ ಪದ್ಯವನ್ನು ಹಳ್ಳಿ ಮಕ್ಕಳಿಗೆ ಹೇಗೆ ಅರ್ಥ ಮಾಡಿಸುತ್ತೀರಿ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಅವರ ಮುಖಗಳು ಇದ್ದಲ್ಲೇ ನಿಂತವು, ಆಮೇಲೆ ಪರದೆಯೇ ಖಾಲಿಯಾಯಿತು.

ಮೆಟ್ಟಿಲು ಹತ್ತಿ ಓಡಿದೆ. ಮೋಡೆಮ್ ಇದ್ದ ಜಾಗದಲ್ಲಿ ಅಪ್ಪನ ಕರಿ ಕಂಬಳಿ, ನಾಲ್ಕು ಮಡಿಕೆಯಾಗಿ ಕುಳಿತಿತ್ತು. ಕುರಿ ಕಾಯುವ ನಮ್ಮ ಮನೆಗಳಲ್ಲಿ ಒಳ್ಳೆಯ ಕೆಲಸ ಯಾವುದಿದ್ದರೂ ಮೊದಲು ಕಂಬಳಿ ಹಾಸಬೇಕು. ಬಿಸಿಲಿಗೂ ಅದೇ, ಚಳಿಗೂ ಅದೇ, ಈಗಷ್ಟೇ ಹುಟ್ಟಿದ ಮರಿಗೂ ಅದೇ. ಒಳಗೆ ಕೈ ಹಾಕಿದರೆ ಮೋಡೆಮ್ ಹಂಚಿನ ಮೇಲಿನ ರೊಟ್ಟಿಯಂತೆ ಸುಡುತ್ತಿತ್ತು. ಕಾವು ತಾಳದೆ ತಾನೇ ಆರಿಹೋಗಿತ್ತು.

"ಮುಟ್ಬ್ಯಾಡ ಅಂದಿರ್ಲಿಲ್ವಾ?"

"ಮುಟ್ಲಿಲ್ಲವ್ವ. ನೆಳ್ಳು ಸರೀತು, ಬಿಸ್ಲು ಬಿತ್ತು ಅಂತ ಹೊದಿಸ್ದೆ. ಒಳ್ಳೇ ಕೆಲ್ಸ ಬೇರೆ ಐತೆ."

ನಾನು ಅಂದದ್ದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ. ಕುರಿ ಕಾಯುವವನಿಗೆ ಕುರಿಯಷ್ಟೇ ಬುದ್ಧಿ ಎಂದೆ, ಅದೂ ಓಣಿಗೆಲ್ಲ ಕೇಳುವಂತೆ. ಅಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಮೋಡೆಮ್ ತಣ್ಣಗಾಗಿ ಮತ್ತೆ ಹಸಿರು ತೋರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಕಾಲೇಜಿಗೆ ಫೋನ್ ಮಾಡಿದೆ. ಬೇರೆಯವರನ್ನು ಕರೆದಾಯಿತು, ನಿಮ್ಮದು ಮುಗಿಯಿತು ಎಂದರು.

ಸಿಟ್ಟಿನಲ್ಲೇ ಮೋಡೆಮನ್ನು ಅದರ ಡಬ್ಬಕ್ಕೆ ತುರುಕುವಾಗ, ಒಳಗಿದ್ದ ಇಂಗ್ಲಿಷ್ ಚೀಟಿ ಕೆಳಗೆ ಬಿತ್ತು. ಅಪ್ಪ ಎತ್ತಿಕೊಟ್ಟ.

"ಹೊದಿಸ್ಬಾರ್ದು ಅಂತ ಇದ್ರಾಗೆ ಬರ್ದೈತೇನವ್ವ?"

ಬರೆದಿತ್ತು. ಬಟ್ಟೆಯಿಂದ ಮುಚ್ಚಬಾರದು ಎಂಬ ಸಾಲನ್ನು ಹಿಂದಿನ ದಿನವೇ ಓದಿದ್ದೆ. ಇವನಿಗೇನು ತಿಳಿಯುತ್ತದೆ ಎಂದುಕೊಂಡು ಅಪ್ಪನಿಗೆ ಅದನ್ನು ಹೇಳಿರಲಿಲ್ಲ.

"ಬರ್ದೈತೆ" ಎಂದೆ.

"ಕನ್ನಡದಾಗೆ ಒಂದ್ಮಾತು ಹೇಳಿದ್ರೆ ಹೊದಿಸ್ತಿರ್ಲಿಲ್ಲ" ಎಂದು ಅಪ್ಪ ಕೆಳಗಿಳಿದು, ಕುರಿ ಹೊಡೆದುಕೊಂಡು ಹೋದ.