ಹಿಮ್ಮಡಿ ನೋಡುವ ಕೆಲಸ

ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜುವ ಹೆಂಗಸನ್ನು ಬೀದಿಯವರೆಲ್ಲ ಗಾಜಿನಕ್ಕ ಎನ್ನುತ್ತಿದ್ದರು. ವಯಸ್ಸು ನಲವತ್ತೊಂಬತ್ತು. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ "ಪುರುಸೊತ್ತಾಗ್ಲಿಲ್ಲ" ಎಂದು ಯಂತ್ರ ಚಾಲೂ ಮಾಡುತ್ತಿದ್ದಳು. ಆ ಸದ್ದಿನಲ್ಲಿ ಎರಡನೆಯ ಪ್ರಶ್ನೆ ಕೇಳಿಸುತ್ತಿರಲಿಲ್ಲ. ಗಾಜು ಕೂದಲೆಳೆಯಷ್ಟು ದೊಡ್ಡದಾದರೆ ಫ್ರೇಮಿನೊಳಗೆ ಕೂರುವುದಿಲ್ಲ, ಕೂದಲೆಳೆಯಷ್ಟು ಚಿಕ್ಕದಾದರೆ ಗಿರಾಕಿ ಬಗ್ಗಿದಾಗ ಕೆಳಗೆ ಬೀಳುತ್ತದೆ. ಇಪ್ಪತ್ತಾರು ವರ್ಷದಲ್ಲಿ ಹಾಗೆ ಬಿದ್ದದ್ದು ಒಂದೇ ಗಾಜು, ಅದೂ ಆಕೆ ಜ್ವರದಲ್ಲಿದ್ದ ದಿನ ಉಜ್ಜಿದ್ದು.

ಭಾನುವಾರ ಬೆಳಿಗ್ಗೆ ಆಕೆ ರಾಕ್ ಬ್ಯಾಂಡಿನಲ್ಲಿ ತಗ್ಗು ಸ್ವರದ ಬೇಸ್ ಗಿಟಾರ್ ನುಡಿಸುತ್ತಿದ್ದಳು. ಇದೂ ಇಪ್ಪತ್ತಮೂರು ವರ್ಷದಿಂದ ನಡೆದುಬಂದಿತ್ತು.

ಬ್ಯಾಂಡಿನಲ್ಲಿ ಇದ್ದವರು ಮೂವರು. ಹಾಡುವುದೂ ಗಿಟಾರ್ ನುಡಿಸುವುದೂ ಆಕೆಯ ಅಣ್ಣ, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಡ್ರಮ್ಸ್ ಬಾರಿಸುತ್ತಿದ್ದವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವರ ಕಾರಿನಲ್ಲಿ ಎರಡು ಬ್ರೇಕ್: ಒಂದು ಕಲಿಯುವವರ ಕಾಲಡಿ, ಇನ್ನೊಂದು ಮೇಷ್ಟ್ರ ಕಾಲಡಿ. ದಿನವಿಡೀ ಪರರ ತಪ್ಪಿಗೆ ತಾವು ಬ್ರೇಕ್ ಒತ್ತಿ ಒತ್ತಿ ಅವರ ಬಲಗಾಲು ಡ್ರಮ್ಸಿನ ಪೆಡಲಿಗೆ ಹೇಳಿ ಮಾಡಿಸಿದಂತಾಗಿತ್ತು. ಅಭ್ಯಾಸ ನಡೆಯುತ್ತಿದ್ದುದು ಡ್ರೈವಿಂಗ್ ಸ್ಕೂಲಿನ ಪಾಠದ ಕೋಣೆಯಲ್ಲಿ. ಗೋಡೆ ತುಂಬ ರಸ್ತೆ ಚಿಹ್ನೆಗಳ ಪಟಗಳಿದ್ದವು.

ಎಲ್ಲಿಗೆ ನುಡಿಸಲು ಹೋದರೂ ಅಲ್ಲಿನ ಮೇಲ್ವಿಚಾರಕ ಬಾಗಿಲ ಕಡೆ ನೋಡಿ ಒಂದೇ ಮಾತು ಕೇಳುತ್ತಿದ್ದ.

"ಉಳಿದವರು ಯಾವಾಗ ಬರ್ತಾರೆ?"

"ಬಂದಾಯ್ತು," ಎನ್ನುತ್ತಿದ್ದರು ಮೇಷ್ಟ್ರು.

"ಮೂರೇ ಜನಾನಾ?"

"ಬೇಕಿದ್ರೆ ಎಣಿಸಿಕೊಳ್ಳಿ."

ಮೂವರು ಕೂಡಿ ಮಾಡುವ ಕೆಲಸಗಳು ಲೋಕದಲ್ಲಿ ಬೇಕಾದಷ್ಟಿವೆ. ಅಂಗಡಿಯಲ್ಲೂ ಮೂವರೇ: ಮಾಲೀಕ, ಗಲ್ಲೆಯ ಹುಡುಗಿ, ಈಕೆ. ಹುಡುಗಿ ಊಟಕ್ಕೆ ಹೋದರೆ ಮಾಲೀಕನೇ ಹೋಗಿ ಗಲ್ಲೆಯಲ್ಲಿ ಕೂರುತ್ತಿದ್ದ, ವ್ಯಾಪಾರ ನಿಲ್ಲುತ್ತಿರಲಿಲ್ಲ. ಪುರಭವನದಲ್ಲಿ ಒಮ್ಮೆ ಪಿಟೀಲು ಕುಟುಂಬದ ಮೂರು ವಾದ್ಯಗಳ ಕಛೇರಿಗೂ ಆಕೆ ಹೋಗಿದ್ದಳು. ಮೂವರ ಮುಂದೂ ಸ್ವರ ಬರೆದ ಕಾಗದ. ಒಬ್ಬ ಕಮಾನು ತೊಡೆಯ ಮೇಲಿಟ್ಟು ಸುಮ್ಮನೆ ಕೂತರೂ ಉಳಿದಿಬ್ಬರು ತಮ್ಮ ಪಾಡಿಗೆ ಮಾತಾಡಿಕೊಳ್ಳುವಂತೆ ನುಡಿಸುತ್ತಿದ್ದರು. ಚೆನ್ನಾಗಿತ್ತು. ಸುಮ್ಮನೆ ಕೂತವನ ಮುಖದಲ್ಲಿ ಗಾಬರಿಯ ಸುಳಿವೇ ಇರಲಿಲ್ಲ, ಆಕೆಗೆ ಅದೇ ಆಶ್ಚರ್ಯ.

ರಾಕ್ ಬ್ಯಾಂಡಿನ ಮೂವರಿಗೆ ಆ ಸುಖವಿಲ್ಲ. ಆ ಸಂಗೀತಕ್ಕೆ ಕಡೇಪಕ್ಷ ನಾಲ್ವರು ಬೇಕು, ಮೂವರೇ ಸೇರಿ ಅದನ್ನು ನಿಭಾಯಿಸುತ್ತಿರುತ್ತಾರೆ. ಹಾಡಿನ ನಡುವೆ ಅಣ್ಣ ತಾನೊಬ್ಬನೇ ಮೆರೆಯುವ ಸೋಲೋ ನುಡಿಸಲು ಮೇಲಿನ ತಂತಿಗಳಿಗೆ ಹೊರಟ ಎಂದರೆ, ಅಲ್ಲಿಯವರೆಗೆ ಅವನೇ ತುಂಬುತ್ತಿದ್ದ ಸದ್ದಿನ ನಡುಭಾಗ ಬರಿದಾಗುತ್ತಿತ್ತು. ಎರಡನೆಯ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ಆಗ ಗಾಜಿನಕ್ಕ ಒಂದು ತಂತಿಯ ಬದಲು ಎರಡನ್ನು ಒಟ್ಟಿಗೆ ಮೀಟಿ ಸದ್ದನ್ನು ದಪ್ಪ ಮಾಡುತ್ತಿದ್ದಳು, ಮೇಷ್ಟ್ರು ತಾಳದ ತಟ್ಟೆಯನ್ನು ಸಡಿಲ ಬಿಟ್ಟು ಬಾರಿಸುತ್ತಿದ್ದರು. ಅಣ್ಣ ಹಾಯಾಗಿ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ತಾನು ಹೊರಗೆ ಹೋದಾಗ ಮನೆ ತನ್ನಷ್ಟಕ್ಕೇ ನಿಂತಿರುತ್ತದೆ ಎಂದು ಅವನ ನಂಬಿಕೆ.

ಅವನ ಸೋಲೋಗೆ ಇಷ್ಟೇ ಉದ್ದ ಎಂದಿರಲಿಲ್ಲ. ಎರಡು ಸುತ್ತಿಗೂ ಮುಗಿಯಬಹುದು, ಹತ್ತು ಸುತ್ತಿಗೂ ಹೋಗಬಹುದು. ಮುಗಿಸುವ ಮನಸ್ಸಾದಾಗ ಅವನ ಎಡಗಾಲಿನ ಹಿಮ್ಮಡಿ ಸ್ವಲ್ಪ ಮೇಲೇಳುತ್ತಿತ್ತು. ಅದು ಅವನಿಗೇ ತಿಳಿಯದು. ಗಾಜಿನಕ್ಕ ಮಾತ್ರ ಅದನ್ನು ಕಂಡುಹಿಡಿದಿದ್ದಳು. ಹಿಮ್ಮಡಿ ಎದ್ದ ಕೂಡಲೇ ಆಕೆ ಬೇಸಿನಲ್ಲಿ ಮೆಟ್ಟಿಲಿಳಿದಂತೆ ನಾಲ್ಕು ಸ್ವರ ಇಳಿಯುತ್ತಿದ್ದಳು, ಅದನ್ನು ಕೇಳಿ ಮೇಷ್ಟ್ರು ಡ್ರಮ್ಸಿನ ಮೇಲೆ ದಡದಡನೆ ಒಂದು ಉರುಳಿಕೆ ಬಾರಿಸುತ್ತಿದ್ದರು, ಮೂವರೂ ಒಟ್ಟಿಗೆ ಪಲ್ಲವಿಗೆ ಬಂದು ನಿಲ್ಲುತ್ತಿದ್ದರು. ಇಪ್ಪತ್ತಮೂರು ವರ್ಷ ಆಕೆ ವೇದಿಕೆಯ ಮೇಲೆ ಅಣ್ಣನ ಬೂಟನ್ನೇ ನೋಡಿದ್ದಳು. ಪಾಪ, ನಾಚಿಕೆಯ ಹೆಂಗಸು ಎಂದು ಜನ ಮಾತಾಡಿಕೊಳ್ಳುತ್ತಿದ್ದರು.

ಹೀಗಿರುವಾಗ ಅಣ್ಣನ ಮಗಳ ಮದುವೆಯಾಯಿತು. ಅಳಿಯ ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸೌಮ್ಯ ಸ್ವಭಾವ, ಕೀಬೋರ್ಡ್ ನುಡಿಸಲು ಬರುತ್ತಿತ್ತು. ಬರುತ್ತಿದ್ದುದು ಸಾಲದೆಂಬಂತೆ ಚೆನ್ನಾಗಿಯೇ ಬರುತ್ತಿತ್ತು.

"ನಿಮ್ಮಲ್ಲಿ ಹೇಗೂ ಜನ ಕಡಿಮೆ," ಎಂದಳು ಅತ್ತಿಗೆ. "ಇವರನ್ನೂ ಸೇರಿಸ್ಕೊಳ್ಳಿ. ಮನೆಯವರೇ ಅಲ್ವಾ?"

ಮನೆಯವರೇ ಎಂದ ಮೇಲೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಮುಂದಿನ ಭಾನುವಾರ ಅಳಿಯ ಕೀಬೋರ್ಡನ್ನು ಹೆಗಲ ಮೇಲೆ ಹೊತ್ತು ಬಂದ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟ. ಡ್ರೈವಿಂಗ್ ಸ್ಕೂಲಿನಲ್ಲಿ ಹಾಗೆ ಬಿಟ್ಟವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ಕೆಟ್ಟದಾಗಿ ನುಡಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನ ಬಲಗೈ ನಡುಭಾಗವನ್ನೆಲ್ಲ ತುಂಬಿತು. ಎಡಗೈ ಬೇಸಿನ ಸ್ವರಗಳನ್ನೇ, ಗಾಜಿನಕ್ಕ ನುಡಿಸುತ್ತಿದ್ದ ಅವೇ ಸ್ವರಗಳನ್ನು, ಆಕೆಗಿಂತ ಒಂದು ಗುಲಗಂಜಿ ಹೆಚ್ಚು ಚೊಕ್ಕವಾಗಿ ನುಡಿಸಿತು. ಅಣ್ಣ ಕಣ್ಣರಳಿಸಿ, "ಈಗ ನೋಡು ಪುಟ್ಟಿ, ತುಂಬಿಕೊಂಡಿದೆ," ಎಂದ. ನಲವತ್ತೊಂಬತ್ತರ ತಂಗಿ ಅವನಿಗೆ ಇನ್ನೂ ಪುಟ್ಟಿಯೇ.

"ತುಂಬಿದೆ," ಎಂದಳು ಆಕೆ. ಇಲ್ಲದ್ದನ್ನು ಹೇಳುವ ಅಭ್ಯಾಸ ಆಕೆಗಿರಲಿಲ್ಲ.

ಮೂರನೆಯ ಭಾನುವಾರ ಒಂದು ಹಾಡಿನ ಎರಡನೆಯ ಚರಣದಲ್ಲಿ ಆಕೆ ತಂತಿಗಳಿಂದ ಕೈ ತೆಗೆದಳು. ಪರೀಕ್ಷೆ ಮಾಡಬೇಕೆಂಬುದಷ್ಟೇ ಉದ್ದೇಶ. ಹಾಡು ಮುಂದೆ ಹೋಯಿತು. ಆಕೆ ಗೋಡೆಯ ಮೇಲಿನ ಚಿಹ್ನೆಗಳನ್ನು ಒಂದೊಂದಾಗಿ ಓದಿದಳು. ಆ ದಿನ ಸೋಲೋ ಇರಲಿಲ್ಲ, ಹಾಡು ನೆಟ್ಟಗೆ ಕೊನೆಗೆ ಹೋಗಿ ಮುಟ್ಟಿತು. ಅಣ್ಣ "ಚೆನ್ನಾಗಿ ಬಂತು" ಎಂದ.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಡ್ರಮ್ಸಿಗೆ ಬಟ್ಟೆ ಹೊದಿಸುತ್ತ ಕೇಳಿದರು.

"ಕೈ ನೋವಾ?"

"ಇಲ್ಲ. ನಿಲ್ಲಿಸಿದ್ದೆ. ಗೊತ್ತಾಯ್ತಾ ನಿಮಗೆ?"

"ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಮೇಷ್ಟ್ರು ಬಟ್ಟೆಯ ಅಂಚು ಎಳೆದು ಸರಿಮಾಡಿದರು. ಸುಳ್ಳು ಹೇಳಲು ಅವರಿಗೂ ಬರುತ್ತಿರಲಿಲ್ಲ. "ಏನೂ ಕೊರತೆ ಕಾಣ್ಲಿಲ್ಲ," ಎಂದರು.

ಆಕೆ ಬೇಸನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಮುಂದಿನ ಶನಿವಾರ ಬಸ್ ಡಿಪೋದ ವಾರ್ಷಿಕೋತ್ಸವದಲ್ಲಿ ಕಾರ್ಯಕ್ರಮವಿತ್ತು. ಅದನ್ನು ಮುಗಿಸಿಕೊಟ್ಟು ಬ್ಯಾಂಡ್ ಬಿಡುವುದೆಂದು ಮನೆ ಸೇರುವಷ್ಟರಲ್ಲಿ ತೀರ್ಮಾನಿಸಿದಳು. ಬೇಡವಾದ ಕಡೆ ಕೂತಿರುವುದು ಆಕೆಗೆ ಒಗ್ಗದ ಕೆಲಸ. ಆ ರಾತ್ರಿ ಊಟ ಸೇರಲಿಲ್ಲ. ಹುಳಿ ಕೆಟ್ಟಿದೆಯೇನೋ ಎಂದುಕೊಂಡು ಪಾತ್ರೆಯನ್ನು ಮತ್ತೆ ಮತ್ತೆ ಮೂಸಿ ನೋಡಿದಳು. ಕೆಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಡಿಪೋದ ಅಂಗಳದಲ್ಲಿ ನಾಲ್ಕು ಬಸ್ಸುಗಳನ್ನು ಪಕ್ಕಕ್ಕೆ ನಿಲ್ಲಿಸಿ ವೇದಿಕೆ ಹಾಕಿದ್ದರು. ಅಲ್ಲಿನ ಮೇಲ್ವಿಚಾರಕ ಉಳಿದವರು ಯಾವಾಗ ಬರುತ್ತಾರೆಂದು ಕೇಳಲಿಲ್ಲ. ನಾಲ್ವರನ್ನು ಕಂಡು ಸಮಾಧಾನವಾಗಿತ್ತೆಂದು ತೋರುತ್ತದೆ. ಐದನೆಯ ಹಾಡಿನ ನಡುವೆ ಅಣ್ಣ ಕಣ್ಣು ಮುಚ್ಚಿ ಸೋಲೋಗೆ ಹೊರಟ. ಅಳಿಯನ ಎರಡೂ ಕೈ ಕೆಲಸದಲ್ಲಿದ್ದವು. ಗಾಜಿನಕ್ಕ ಒಂದು ಸುತ್ತು ನುಡಿಸಿ, ಎರಡನೆಯದರಲ್ಲಿ ನಿಲ್ಲಿಸಿದಳು.

ಆರನೆಯ ಸುತ್ತಿನಲ್ಲಿ ಅಣ್ಣನ ಹಿಮ್ಮಡಿ ಎದ್ದಿತು.

ಯಾರೂ ಇಳಿಯಲಿಲ್ಲ. ಅಳಿಯ ತನ್ನ ಕೀಲಿಗಳನ್ನು ನೋಡುತ್ತಿದ್ದ. ಮೇಷ್ಟ್ರಿಗೆ ಡ್ರಮ್ಸ್ ಅಡ್ಡ ಇದ್ದುದರಿಂದ ಯಾರ ಕಾಲೂ ಕಾಣುತ್ತಿರಲಿಲ್ಲ. ಅವರು ಕಾಯುತ್ತಿದ್ದುದು ಬೇಸಿನ ನಾಲ್ಕು ಸ್ವರಗಳಿಗೆ. ಅಣ್ಣ ಮತ್ತೊಂದು ಸುತ್ತು ನುಡಿಸಿದ. ಹಿಮ್ಮಡಿ ಮತ್ತೆ ಎದ್ದಿತು. ಈ ಸಲ ಅವನು ಕಣ್ಣು ತೆರೆದ. ನಾಲ್ಕನೆಯ ಸಲ ಎದ್ದಾಗ, ಬಾಗಿಲು ಬಡಿದು ಬಡಿದು ಒಳಗೆ ಯಾರೂ ಓಗೊಡದಿದ್ದಾಗ ಮನುಷ್ಯ ಹೇಗೆ ನಿಲ್ಲುತ್ತಾನೋ ಹಾಗೆ ನಿಂತಿದ್ದ. ಆದರೂ ಬೆರಳು ನಿಲ್ಲಿಸುವಂತಿಲ್ಲ. ತನಗೆ ಗೊತ್ತಿದ್ದುದನ್ನೆಲ್ಲ ನುಡಿಸಿ ಮುಗಿಸಿ, ಈಗ ಗೊತ್ತಿಲ್ಲದ್ದನ್ನು ನುಡಿಸುತ್ತಿದ್ದ. ಬಸ್ ಚಾಲಕರು ಮೆಚ್ಚಿ ಶಿಳ್ಳೆ ಹಾಕಿದರು.

ಗಾಜಿನಕ್ಕ ತಂತಿಗಳ ಮೇಲೆ ಬೆರಳಿಟ್ಟಳು. ಇನ್ನೊಂದು ಸುತ್ತು ಬಿಡಬಹುದಿತ್ತು. ಬಿಡಬೇಕೆಂದು ಆಸೆಯೂ ಇತ್ತು. ಅಷ್ಟರಲ್ಲಿ ಐದನೆಯ ಸಲ ಹಿಮ್ಮಡಿ ಎದ್ದಿತು. ಆಕೆ ನಾಲ್ಕು ಸ್ವರ ಇಳಿದಳು. ಮೇಷ್ಟ್ರ ಉರುಳಿಕೆ ಬಂತು. ಎಲ್ಲರೂ ಪಲ್ಲವಿಗೆ ಬಂದರು, ಅಳಿಯ ಮಾತ್ರ ಅರ್ಧ ಸುತ್ತು ತಡವಾಗಿ.

ಕಾರ್ಯಕ್ರಮವಾದ ಮೇಲೆ ಡ್ರೈವಿಂಗ್ ಸ್ಕೂಲಿನ ಕಾರಿಗೆ ಸಾಮಾನು ತುಂಬುತ್ತ ಅಣ್ಣ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ.

"ಇವತ್ತು ಅದು ಸ್ವಲ್ಪ ಉದ್ದ ಆಯ್ತು ಅಲ್ವಾ?"

"ನಾನು ನಿಲ್ಲಿಸಿದ್ದೆ," ಎಂದಳು ತಂಗಿ.

"ಏನನ್ನ?"

"ನುಡಿಸೋದನ್ನ. ನಿನ್ನನ್ನ ವಾಪಸ್ ಕರೆದುಕೊಂಡು ಬರೋದು ನಾನು. ನೀನು ಹಿಮ್ಮಡಿ ಎತ್ತುತ್ತೀಯ, ನಾನು ಇಳೀತೀನಿ."

"ನಾನೆಲ್ಲಿ ಎತ್ತುತ್ತೀನಿ?"

"ಎತ್ತುತ್ತೀಯ. ಇವತ್ತು ಐದು ಸಲ ಎತ್ತಿದೆ."

ಅಣ್ಣ ಮೇಷ್ಟ್ರ ಕಡೆ ನೋಡಿದ. "ನನಗೆ ಕಾಲು ಕಾಣಲ್ಲಪ್ಪ," ಎಂದರು ಮೇಷ್ಟ್ರು. "ಇವಳು ಇಳಿದ್ರೆ ನಾನು ಇಳೀತೀನಿ. ಅಷ್ಟೇ ನನಗೆ ಗೊತ್ತಿರೋದು."

"ಅಲ್ವೇ, ಇಪ್ಪತ್ತಮೂರು ವರ್ಷದಲ್ಲಿ ಒಂದು ಸಲ ಹೇಳ್ಬಾರ್ದಾಗಿತ್ತಾ?"

"ನೀನು ಕೇಳಿರ್ಲಿಲ್ಲ." ಆಕೆ ಬೇಸಿನ ಸ್ಪೀಕರ್ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. "ಅಣ್ಣ, ನಾಲ್ಕು ಜನ ಆದ್ರೆ ನಾನು ಬೇಕಿಲ್ಲ. ಅವನ ಎಡಗೈ ಸಾಕು. ಮುಂದಿನ ವಾರದಿಂದ ನಾನು ಬರಲ್ಲ."

"ಹುಚ್ಚೇನೇ ನಿನಗೆ? ಹಾಗಂತ ಅಳಿಯನಿಗೆ ಬೇಡ ಅಂತ ಹೇಗೆ ಹೇಳೋದು?"

"ನನಗೆ ಹೇಗೆ ಹೇಳ್ಬೇಕು ಅಂತಿದ್ದೆ?"

ಅಳಿಯ ಕೀಬೋರ್ಡಿನ ಚೀಲ ಹಿಡಿದುಕೊಂಡು ಅಣ್ಣನ ಬೆನ್ನ ಹಿಂದೆಯೇ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಕಿವಿ ಚುರುಕೆಂಬುದು ಗೊತ್ತಿದ್ದ ವಿಷಯವೇ.

"ಮಾವ," ಎಂದ ಅವನು, ತೂಕ ಮಾಡಿದಂತೆ. "ಚಿಕ್ಕತ್ತೆ ಹೋದ್ರೆ ಬೇಸ್ ನಾನು ನೋಡ್ಕೋಬಹುದು. ಆದ್ರೆ ನಿಮ್ಮ ಕಾಲು ನೋಡೋಕಾಗಲ್ಲ. ಕೀಲಿ ನೋಡದೆ ನನಗೆ ನುಡಿಸೋಕೆ ಬರಲ್ಲ."

"ಸೋಲೋಗೆ ಲೆಕ್ಕ ಇಟ್ಟುಕೊಂಡ್ರೆ? ನಾಲ್ಕು ಸುತ್ತು ಅಂತ?"

"ಆಗಬಹುದು ಮಾವ. ನೀವು ನಾಲ್ಕಕ್ಕೆ ನಿಲ್ಲಿಸ್ತೀರಾ?"

ಮೇಷ್ಟ್ರು ಕೆಮ್ಮಿದರು. ಡಿಪೋದಿಂದ ಒಂದು ಬಸ್ಸು ಹಿಂದಕ್ಕೆ ಹಿಂದಕ್ಕೆ ಬಂದು ತಿರುಗಿಕೊಂಡು ಹೊರಗೆ ಹೋಯಿತು.

"ಇಲ್ಲ," ಎಂದ ಅಣ್ಣ. "ನಿಲ್ಲಿಸಲ್ಲ. ಹಾಗಾದ್ರೆ ಬೇಡ ಬಿಡು. ನಾವು ಮೂವರೇ ಇರ್ತೀವಿ."

ಅಳಿಯನ ಮುಖ ಸಣ್ಣದಾಗಲಿಲ್ಲ. ತಾನು ಬಂದದ್ದೇ ಅತ್ತೆ ಹೇಳಿದರೆಂದು, ಭಾನುವಾರ ಬೆಳಿಗ್ಗೆ ನಿದ್ದೆ ಮಾಡುವುದು ತನಗೆ ಇಷ್ಟ ಎಂದು ಅವನು ಬಹಳ ವಿನಯದಿಂದ ತಿಳಿಸಿದ. ಅತ್ತಿಗೆಗೆ ಈ ಸುದ್ದಿ ಮುಟ್ಟಿಸುವ ಕೆಲಸ ಅಣ್ಣನ ಪಾಲಿಗೆ ಬಂತು. ಅವನು ಅದನ್ನು ಹದಿನೈದು ದಿನ ಮುಂದೂಡಿದ.

ಅಣ್ಣ ಬೇಡವೆಂದದ್ದು ತಂಗಿಯ ಮುಖ ನೋಡಿಯೋ, ಸೋಲೋ ಕೈತಪ್ಪುತ್ತದೆಂದೋ ಗಾಜಿನಕ್ಕನಿಗೆ ತಿಳಿಯಲಿಲ್ಲ. ಕೇಳಲಿಲ್ಲ. ಎರಡರಲ್ಲಿ ಯಾವುದಾದರೂ ಭಾನುವಾರ ಹೋಗಬೇಕಾದ್ದು ಅಲ್ಲಿಗೇ.

ಮರುದಿನ ಭಾನುವಾರ ಮೂವರೇ ಸೇರಿ ನುಡಿಸಿದಾಗ ಸದ್ದು ತೆಳುವಾಗಿ ಕೇಳಿಸಿತು. ಮೊದಲ ಹಾಡಿಗೇ ಅಣ್ಣ ನಿಲ್ಲಿಸಿದ. "ಯಾಕೋ ಖಾಲಿ ಖಾಲಿ ಅನ್ನಿಸ್ತಿದೆ."

"ಅದು ಮೊದಲಿಂದಲೂ ಖಾಲಿನೇ," ಎಂದರು ಮೇಷ್ಟ್ರು. "ನೀವು ಕಣ್ಣು ಮುಚ್ಚಿಕೊಂಡಿರ್ತಿದ್ರಿ, ಗೊತ್ತಾಗ್ತಿರ್ಲಿಲ್ಲ."

ಅಣ್ಣ ಹಾಡನ್ನು ಮತ್ತೆ ಮೊದಲಿಂದ ಎತ್ತಿಕೊಂಡ. ಸೋಲೋದ ಜಾಗ ಬಂದಾಗ ಹೊರಡದೆ ಒಂದು ಕ್ಷಣ ತಂಗಿಯ ಕಡೆ ನೋಡಿದ. ಆಕೆ ಎರಡು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಹೋಗು ಎಂಬಂತೆ ತಲೆಯಾಡಿಸಿದಳು. ಅವನು ಹೋದ. ಮೂರು ಸುತ್ತಿಗೆ, ಹಿಮ್ಮಡಿ ಏಳುವ ಮೊದಲೇ, ಆಕೆ ವಾಪಸ್ ಕರೆದುಕೊಂಡಳು. ಇನ್ನೂ ಮನಸ್ಸಿತ್ತೆಂದು ಅವನು ಗೊಣಗಿದ. ಮೂರು ಸಾಕು ಎಂದಳು ಆಕೆ.