ಪೆಟ್ಟಿಗೆಯಲ್ಲಿದ್ದ ಅಜ್ಜಿ

ಸತ್ತವರು ಕನಸಿಗೆ ಬಂದು ಮಾತಾಡಿದರು ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುವವನು. ಈಗಲೂ ಅಂಥದ್ದನ್ನು ನಂಬುತ್ತೇನೆ ಎನ್ನಲಾರೆ. ಆದರೆ ಎರಡು ವರ್ಷದ ಹಿಂದಿನ ಆ ಒಂದು ವಾರ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಮೆರಿಕದ ಸ್ಯಾನ್ ಪೀಡ್ರೊ ಬಂದರಿಗೆ ಬರುವ ಸಾಮಾನಿನ ಕಾಗದಪತ್ರ ನೋಡುವುದು ನನ್ನ ಕೆಲಸ. ಆ ಸೋಮವಾರ, ಸೈಬೀರಿಯಾದಿಂದ ಮೂರು ದೇಶ ಸುತ್ತಿ ಬಂದ ಒಂದು ಚಿಕ್ಕ ಪೆಟ್ಟಿಗೆ ತಪಾಸಣೆಯಲ್ಲಿ ಸಿಕ್ಕಿಬಿತ್ತು. ಫಾರ್ಮಿನಲ್ಲಿ ವಸ್ತುವಿನ ವಿವರ ಕೇಳಿದ ಕಡೆ ಬರೆದದ್ದು, ‘ನನ್ನ ಅಜ್ಜಿ’. ಯಾರಾದರೂ ಹಾಗೆ ಬರೆಯುತ್ತಾರೆಯೇ! ಹೆಣದ ಮೂಳೆಗಳಿರಬೇಕೆಂದು ಎಲ್ಲರೂ ಗಾಬರಿಯಾದರು. ತೆರೆದರೆ ತುಪ್ಪಳದ ಅಂಗಿ ತೊಟ್ಟ ಮೊಳದುದ್ದದ ಮರದ ಗೊಂಬೆ.

ಹಾಗೆ ಬರೆದವರು ಪೆಟ್ಟಿಗೆ ತರಿಸಿಕೊಳ್ಳುತ್ತಿದ್ದ, ಸ್ಯಾನ್ ಡಿಯಾಗೊದಲ್ಲಿರುವ ಹಾದ್ನೆ, ಹಿಮಸಾರಂಗ ಮೇಯಿಸುವ ನೆನೆಟ್ಸ್ ಜನದ ನಡುವಯಸ್ಸಿನ ಹೆಂಗಸು. ಫೋನಿನಲ್ಲಿ ಆಕೆ ಎಲ್ಲ ಹೇಳಿದರು. ಅವರಲ್ಲಿ ಹಿರಿಯರು ತೀರಿಕೊಂಡರೆ ಮರದಲ್ಲಿ ಅವರ ರೂಪ ಮಾಡಿ ಗುಡಾರದಲ್ಲೇ ಇಟ್ಟುಕೊಳ್ಳುತ್ತಾರಂತೆ. ಊಟಕ್ಕೆ ಬಡಿಸುತ್ತಾರೆ, ರಾತ್ರಿ ಮಲಗಿಸುತ್ತಾರೆ. ಹಾದ್ನೆಯನ್ನು ಏಳನೇ ವರ್ಷಕ್ಕೆ ಸರ್ಕಾರದವರು ಹೆಲಿಕಾಪ್ಟರಿನಲ್ಲಿ ಹಾಸ್ಟೆಲ್ ಶಾಲೆಗೆ ಒಯ್ದರು, ಭಾಷೆ ಮರೆತೇಹೋಯಿತು. ಅಣ್ಣನ ಹಿಂಡು ಸಾಗುವ ದಾರಿಗೆ ಗ್ಯಾಸಿನ ಪೈಪು ಅಡ್ಡ ಬಂದು, ಅವನು ಹಿಂಡು ಮಾರಿ ಪಟ್ಟಣದ ಫ್ಲ್ಯಾಟ್ ಸೇರಿದ. ಅಲ್ಲಿ ಅಜ್ಜಿ ಬಾಲ್ಕನಿಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇದ್ದರು. ಅದನ್ನು ಕೇಳಿದ ಮೇಲೆ ಹಾದ್ನೆಗೆ ನಿದ್ದೆಯಿಲ್ಲ, ಅಜ್ಜಿಯನ್ನು ತನ್ನಲ್ಲಿಗೇ ಕಳಿಸೆಂದು ಅಣ್ಣನಿಗೆ ಹೇಳಿದರು.

"ಗೊಂಬೆ ಅಂತ ಬರೆದು ಸೈನ್ ಮಾಡಿ ಮೇಡಂ. ಶುಕ್ರವಾರದೊಳಗೆ ಕೊಡ್ಲಿಲ್ಲ ಅಂದ್ರೆ ವಾಪಸ್ ಹೋಗತ್ತೆ," ಎಂದೆ.

"ಅದೊಂದು ನಾನು ಬರೆಯಲ್ಲ. ಅಜ್ಜಿಗೆ ಟೀ ಕೊಟ್ರಾ?"

ದಿನಕ್ಕೆರಡು ಸಲ ಇದೇ ಪ್ರಶ್ನೆ. ನನಗೆ ತಲೆ ಚಿಟ್ಟು ಹಿಡಿಯಿತು. ಬುಧವಾರ ಮಧ್ಯಾಹ್ನ, ಕಾಟ ತಪ್ಪಲಿ ಎಂದು, ಫ್ಲಾಸ್ಕಿನಲ್ಲಿದ್ದ ನನ್ನ ಚಹಾವನ್ನೇ ಒಂದು ಲೋಟ ಪೆಟ್ಟಿಗೆಯ ಮುಂದಿಟ್ಟೆ. ಗೋದಾಮಿನ ಆ ಮೂಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ‘ಕೊಟ್ಟಿದ್ದೇನೆ’ ಎಂದು ಮೆಸೇಜ್ ಹಾಕಿದೆ, ಅಷ್ಟೇ.

ಗುರುವಾರ ಬೆಳಿಗ್ಗೆ ಫೋನ್. "ಅಜ್ಜಿ ಕನಸಿಗೆ ಬಂದಿದ್ರು. ಬಾಯೆಲ್ಲಾ ಉರೀತಿದೆ ಅಂದ್ರು. ಟೀಗೆ ಏನ್ ಹಾಕಿದ್ರಿ?"

ಶುಂಠಿ. ನನ್ನ ಹೆಂಡತಿ ಗಂಟಲು ಉರಿಯುವಷ್ಟು ಜಜ್ಜಿ ಹಾಕುತ್ತಾಳೆ. ಇಂಡಿಯಾದವನ ಚಹಾ, ಶುಂಠಿ ಇದ್ದೇ ಇರುತ್ತದೆಂದು ಆಕೆ ಊಹಿಸಿರಬಹುದು. ಹಾಗಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಅವತ್ತೇ ಸಂಜೆ ಹಾದ್ನೆ ಸೋತರು. "ಖಾಲಿ ಫಾರ್ಮಿಗೆ ಸೈನ್ ಮಾಡಿ ಕಳಿಸ್ತಿದೀನಿ. ನೀವೇ ಬರ್ಕೊಳ್ಳಿ. ಏನ್ ಬರೆದ್ರಿ ಅಂತ ಮಾತ್ರ ನಂಗೆ ಹೇಳ್ಬೇಡಿ."

ಶುಕ್ರವಾರ ಊಟ ಮುಗಿಸಿ ಪೆನ್ನು ಹಿಡಿದು ಕೂತೆ. ಬರೆಯಬೇಕಾದದ್ದು ಒಂದೇ ಪದ. ದಿನವಿಡೀ ಇಂಥ ಫಾರ್ಮು ತುಂಬುವ ಕೈ ನನ್ನದು. ಗೊಂಬೆ ಎಂದು ಬರೆಯಲು ಹೋದರೆ ಕೈ ಓಡಲಿಲ್ಲ. ಎರಡು ಸಲ ಎದ್ದು ಮುಖ ತೊಳೆದು ಬಂದೆ. ಬಾಯಿ ಉರಿಯುತ್ತದೆ ಎಂದು ದೂರು ಹೇಳಿದವರನ್ನು ಗೊಂಬೆ ಎನ್ನುವುದು ಹೇಗೆ? ನಂಬದವನಿಗೆ ಯಾಕೆ ಈ ಹಟ? ನಾಲ್ಕು ಗಂಟೆಗೆ ಕೌಂಟರ್ ಮುಚ್ಚಿತು. ಫಾರ್ಮು ಖಾಲಿಯೇ ಇತ್ತು. ಪೆಟ್ಟಿಗೆ ಬಂದ ದಾರಿಯಲ್ಲೇ ವಾಪಸ್ ಹೋಯಿತು, ಅದೇ ಬಾಲ್ಕನಿಗೆ.

ನನ್ನ ಕೈಯನ್ನು ತಡೆದದ್ದು ಏನೆಂದು ಇವತ್ತಿಗೂ ಗೊತ್ತಿಲ್ಲ. ಫೋನಿನಲ್ಲಿ ವಿಷಯ ತಿಳಿಸಿದಾಗ ಹಾದ್ನೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಹೋಗೋ ಮುಂಚೆ ಟೀ ಕೊಟ್ರಾ?" ಎಂದು ಕೇಳಿದರು.

ಕೊಟ್ಟಿದ್ದೆ. ಶುಂಠಿ ಹಾಕಿರಲಿಲ್ಲ.