ಬಿಸಿನೀರು ತಾಕಿಸಬಾರದು

ಜಗಳಕ್ಕೆ ಇಳಿಯುವ ಮೊದಲು ಶಾಂತಕ್ಕ ಬಾಯಿಯೊಳಗಿನ ರಿಟೇನರ್ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದರು. ನೀರಿನ ಟ್ಯಾಂಕರಿನ ವಿಷಯಕ್ಕೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಾಗಿಲಿಗೆ ಬಂದು ನಿಂತನೆಂದರೆ, ಒಂದು ಬೆರಳೆತ್ತಿ ತಡೆದು, ಆ ಕಡೆ ತಿರುಗಿ, ಹಲ್ಲಿನ ಮೇಲಿನ ಪ್ಲಾಸ್ಟಿಕ್ ಅಚ್ಚನ್ನು ತೆಗೆದು ತೊಳೆದು, ಡಬ್ಬಿಯನ್ನು ಟಕ್ಕೆಂದು ಮುಚ್ಚುವರು. ಆ ಸದ್ದಿಗೇ ಸೆಕ್ರೆಟರಿ ಅರ್ಧ ಸೋತಿರುತ್ತಿದ್ದ. ಮಲಯಾಳದಲ್ಲಿ ಶುರುವಾದ ಮಾತು ಸ್ವಲ್ಪ ಹೊತ್ತಿಗೆ ಗದಗಿನ ಕನ್ನಡಕ್ಕೆ ಬರುತ್ತಿತ್ತು. ಅವನಿಗೆ ಕನ್ನಡ ಬಾರದು. ಬೈಗುಳವೆಂದು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು.

ಎರ್ನಾಕುಳದ ಪಕ್ಕದ ತ್ರಿಪ್ಪುಣಿತ್ತುರದ ಆ ಕಟ್ಟಡದಲ್ಲಿ ನಾವಿಬ್ಬರೇ ಕನ್ನಡದವರು, ಎದುರುಬದುರು ಮನೆ. ಅವರು ಬ್ಯಾಂಕಿನ ಅಧಿಕಾರಿ, ಐವತ್ತು ದಾಟಿದವರು, ಮದುವೆಯಾಗಿರಲಿಲ್ಲ. ನಾನು ವಿಲ್ಲಿಂಗ್ಡನ್ ಐಲ್ಯಾಂಡಿನ ಕೇಂದ್ರ ಸರ್ಕಾರಿ ಕಚೇರಿಗೆ ಹೊಸದಾಗಿ ಸೇರಿದವಳು. ಚಾಮರಾಜನಗರದ ಕರಿಕಲ್ಲು ಕೋರೆಯಲ್ಲಿ ದುಡಿಯುವ ಅಪ್ಪನ ಮಗಳು. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮಾಡಿದ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಶಾಲೆಯಲ್ಲಿ ನನ್ನನ್ನು ಉಬ್ಬುಹಲ್ಲಿ ಎಂದೇ ಕರೆಯುತ್ತಿದ್ದರು. ಕೆಲಸ ಸಿಕ್ಕಿದ ಮೇಲೆ ನನಗಾಗಿ ಮಾಡಿಕೊಂಡ ಮೊದಲ ಕೆಲಸವೆಂದರೆ ಕಲೂರಿನ ಕ್ಲಿನಿಕ್ಕಿಗೆ ಹೋಗಿ ಹಲ್ಲಿಗೆ ತಂತಿ ಕಟ್ಟಿಸಿದ್ದು. ಅಪ್ಪ ವಿಡಿಯೊ ಕಾಲಿನಲ್ಲಿ ನೋಡಿ, "ಏನವ್ವ, ಬಾಯ್ಗೆ ಬೇಲಿ ಹಾಕ್ಸ್ಕೊಂಡಿದ್ದೀಯಾ? ಯಾವ ದನ ನುಗ್ತಿತ್ತು?" ಎಂದು ನಕ್ಕಿದ್ದ.

ಆ ಕ್ಲಿನಿಕ್ಕಿನ ದಾರಿ ತೋರಿಸಿದ್ದೇ ಶಾಂತಕ್ಕ. ನಲವತ್ತು ದಾಟಿದ ಮೇಲೆ ಅಲ್ಲೇ ಬ್ರೇಸ್ ಹಾಕಿಸಿಕೊಂಡು ಹಲ್ಲು ನೆಟ್ಟಗೆ ಮಾಡಿಕೊಂಡಿದ್ದರು. "ಈ ವಯಸ್ಸಿನಾಗ ಯಾರಿಗೆ ತೋರ್ಸಾಕ ಅಂತ ಬ್ಯಾಂಕಿನ ಮಂದಿ ಕೇಳಿದ್ರು. ಜ್ವಾಳದ ತೆನಿ ಕಡಿಯಾಕ್ರೀ, ನಿಮ್ಮನ್ನ ಕಡಿಯಾಕಲ್ಲ ಅಂದೆ" ಎನ್ನುತ್ತಿದ್ದರು.

ನನಗೆ ತಂತಿ ಕಟ್ಟಿದ ದಿನ ಸಂಜೆ ಅವರೇ ಬಂದು ನನ್ನ ಅಡುಗೆಮನೆಯಿಂದ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಎತ್ತಿಕೊಂಡು ಹೋದರು. ನಮ್ಮೂರಿನ ಹುರಿಗಡಲೆಯೂ ಹೋಯಿತು. ತಮ್ಮ ಗದಗಿನ ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಲು ಕಲಿಸಿದರು. ತಂತಿಯ ಕೆಳಗೆ ನುಸುಳುವ ಪುಟ್ಟ ಬ್ರಷ್ಷನ್ನು ಹೇಗೆ ಹಿಡಿಯಬೇಕು, ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಮೇಣವನ್ನು ಗುಂಡಗೆ ಉರುಟಿ ಎಲ್ಲಿ ಒತ್ತಬೇಕು, ಎಲ್ಲ ಪಾಠವೂ ಅವರ ವಾಶ್‌ಬೇಸಿನ್ನಿನ ಮುಂದೆಯೇ ಆಯಿತು.

"ತಿಂದ್ ಮ್ಯಾಲೆ ತಿಕ್ಕದ ಮಲಗಿದಿ ಅಂದ್ರ ತಂತಿ ಬಿಚ್ಚಿದ ದಿನಾ ಹಲ್ಲಿನ ಮ್ಯಾಲೆ ಬಿಳಿ ಕಲಿ ಕಾಣತಾವು ನೋಡು, ಗ್ವಾಡಿಗೆ ಉಪ್ಪ ಹಿಡಿದಂಗ."

"ತಂತಿ ಬಿಚ್ಚಿದ್ಮೇಲೆ ಮುಗೀತಲ್ಲ ಅಕ್ಕ?"

"ಹುಚ್ಚಿ! ಖರೇ ಕೆಲಸ ಶುರು ಆಗೂದ ಅವತ್ತ. ಹಲ್ಲಂದ್ರ ದನಾ ಇದ್ದಂಗವಾ. ಹಗ್ಗಾ ಬಿಚ್ಚಿದಿ ಅಂದ್ರ ಹಳೇ ಕೊಟಗಿ ಹುಡುಕ್ಕೊಂಡು ಹೊಂಟಬಿಡತಾವು."

ಅದಕ್ಕೇ ರಿಟೇನರ್. ಅದನ್ನು ತಣ್ಣೀರಿನಲ್ಲಿ ಮೆತ್ತನೆ ಬ್ರಷ್ಷಿನಿಂದ ತೊಳೆಯಬೇಕು, ಪೇಸ್ಟ್ ಹಚ್ಚಿ ಉಜ್ಜಬಾರದು, ಬಾಯಲ್ಲಿಲ್ಲದಿದ್ದರೆ ಡಬ್ಬಿಯಲ್ಲೇ ಇರಬೇಕು. ಎಲ್ಲಕ್ಕಿಂತ ಮೇಲಿನ ನಿಯಮ, ಬಿಸಿನೀರು ತಾಕಿಸಬಾರದು. ತಾಕಿಸಿದರೆ ಅಚ್ಚು ಸೊಟ್ಟಗಾಗುತ್ತದೆ. ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುವ ಮಕ್ಕಳನ್ನೂ ಅವರು ಬಿಡುತ್ತಿರಲಿಲ್ಲ. "ಚೂಡುವೆಳ್ಳಂ ವೇಂಡಾ, ಕೇಟ್ಟೋ" ಎಂದು ಬಿಸಿನೀರು ಬೇಡವೆಂಬುದನ್ನು ಒಬ್ಬೊಬ್ಬರಿಂದಲೂ ಹೇಳಿಸುತ್ತಿದ್ದರು.

ಅಂಥವರೇ ಬಿಸಿನೀರು ಹಾಕಿದರು.

ಅವತ್ತು ನಮ್ಮ ಕಟ್ಟಡದಲ್ಲಿ ಓಣಂ ಹಬ್ಬದ ‘ಸದ್ಯ’, ಬಾಳೆಲೆಯ ಊಟ. ಎಲೆಯ ಮುಂದೆ ಕುಳಿತ ಮೇಲೆ ಶಾಂತಕ್ಕನಿಗೆ ಬಾಯಲ್ಲಿ ರಿಟೇನರ್ ಇರುವುದು ನೆನಪಾಯಿತು. ಡಬ್ಬಿ ಮೂರನೇ ಮಹಡಿಯ ಮನೆಯಲ್ಲಿ. ಎಲೆಯ ತುದಿಗೆ ಇಟ್ಟುಕೊಂಡರು. ಪಾಯಸ ಮುಗಿಸಿ, ಎಲ್ಲರಂತೆ ಎಲೆ ಮಡಚಿ ಎದ್ದರು. ನೆನಪಾಗಿ ಓಡಿ ಬರುವಷ್ಟರಲ್ಲಿ ಎಲೆಗಳೆಲ್ಲ ಹಿತ್ತಲಿನ ಡ್ರಮ್ಮು ಸೇರಿದ್ದವು. ಪಟ್ಟೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವರು ಎಲೆ ಬಿಡಿಸುತ್ತ ನಿಂತದ್ದನ್ನು ನೋಡಿ ವಾಚ್‌ಮನ್ ಶಶಿ ಚೇಟ್ಟನ್ ಚಿನ್ನವೇ ಕಳೆದಿರಬೇಕೆಂದು ಓಡಿ ಬಂದ.

"ಎಂದಾ ಚೇಚ್ಚೀ, ಸ್ವರ್ಣಮಾಣೋ?"

"ಸ್ವರ್ಣಂ ಅಲ್ಲ ಚೇಟ್ಟಾ, ಪಲ್ಲು!"

ಹಲ್ಲೆಂದು ಕೇಳಿ ಅವನು ಹೌಹಾರಿದ. ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಕೊನೆಗೆ ಸಿಕ್ಕಿತು, ಯಾರದೋ ಎಲೆಯ ಅವಿಯಲಿಗೆ ಅಂಟಿಕೊಂಡು.

ಮನೆಗೆ ಬಂದ ಶಾಂತಕ್ಕ ಅದನ್ನು ಸಿಂಕಿನಲ್ಲಿಟ್ಟು ನೋಡುತ್ತ ನಿಂತರು. "ಮಂದಿ ಎಂಜಲದಾಗ ಬಿದ್ದೈತಿ. ತಣ್ಣೀರಾಗ ತೊಳದು ಬಾಯಾಗ ಹೆಂಗ ಇಟ್ಕೊಳ್ಳಲಿ?" ಎಂದರು. ಒಲೆಯ ಮೇಲೆ ಕುಡಿಯುವ ನೀರು ಕುದಿಯುತ್ತಿತ್ತು, ಇಲ್ಲಿ ಎಲ್ಲರ ಮನೆಯಂತೆ ಮರದ ಚಕ್ಕೆ ಹಾಕಿದ ಗುಲಾಬಿ ಬಣ್ಣದ ನೀರು. ನಾನು ಬೇಡ ಎನ್ನುವುದರೊಳಗೆ ಸುರಿದುಬಿಟ್ಟರು. ಅಚ್ಚು ತಿಳಿ ಗುಲಾಬಿಯಾಯಿತು. ಒಂದು ಬದಿಯ ಅಂಚು ಹೊರಕ್ಕೆ ಮುರುಟಿತು.

ಹೊಸದು ಮಾಡಿಸಬೇಕಿತ್ತು. ಮಾಡಿಸಲಿಲ್ಲ. ಉಗುರು ತೀಡುವ ಅರದಿಂದ ಅಂಚು ಉಜ್ಜಿ, ಒತ್ತಿ ಕೂರಿಸಿಕೊಂಡರು. "ಆ ಡಾಕ್ಟರ್ ಹುಡಿಗಿ ಮುಂದ ಯಾವ ಬಾಯಿಲೆ ಹೇಳಲಿ? ಆಕಿ ಕ್ಲಿನಿಕ್ಕಿನಾಗ ಕುಂತು ಊರಿಗೆಲ್ಲ ಪಾಠ ಹೇಳಿದಾಕಿ ನಾನ."

ಕೆಲವು ದಿನಗಳಲ್ಲಿ ನಾಲಿಗೆಯ ಬದಿಗೆ ಹುಣ್ಣಾಯಿತು. ಅಂಚು ಉಜ್ಜುವ ಜಾಗದಲ್ಲೇ ಆದದ್ದರಿಂದ ನಮಗಿಬ್ಬರಿಗೂ ಅನುಮಾನವೇ ಬರಲಿಲ್ಲ. ಉಪ್ಪುನೀರು ಮುಕ್ಕಳಿಸಿದರು, ಅಂಚಿಗೆ ನನ್ನ ಮೇಣ ಮೆತ್ತಿಕೊಂಡರು, ತುಪ್ಪ ಹಚ್ಚಿಕೊಂಡರು. ಆಮೇಲೆ ರಿಟೇನರ್ ತೊಡುವುದನ್ನೇ ಬಿಟ್ಟರು. ಉಜ್ಜುವುದು ನಿಂತರೆ ಹುಣ್ಣು ಮಾಯಬೇಕಲ್ಲ? ವಾರಗಳು ಕಳೆದವು. ಮಾಯಲಿಲ್ಲ. ಮುಟ್ಟಿ ನೋಡಿದರೆ ಗಟ್ಟಿ ಎನ್ನುತ್ತಿದ್ದರು. ನೋವಿರಲಿಲ್ಲ, ಅದನ್ನೇ ಒಳ್ಳೆಯ ಲಕ್ಷಣವೆಂದುಕೊಂಡರು. ಮೀನಿನ ಸಾರು ಖಾರವೆಂದು ಬಿಟ್ಟರು, ಆಮೇಲೆ ಸಾರನ್ನೇ ಬಿಟ್ಟರು. ಸೆಕ್ರೆಟರಿ ಒಮ್ಮೆ ಟ್ಯಾಂಕರಿನ ಮಾತೆತ್ತಿದಾಗ ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಅವನು ಮೆಟ್ಟಿಲ ಮೇಲೆ ನನ್ನನ್ನು ತಡೆದು, "ಮ್ಯಾಡತ್ತಿನ್ ಸುಖಮಿಲ್ಲೇ?" ಎಂದು ಮೆಲ್ಲಗೆ ವಿಚಾರಿಸಿದ. ಆರೋಗ್ಯ ಸರಿಯಿಲ್ಲವೇ ಎಂದು ಅವನೂ ಕೇಳುವಂತಾಗಿತ್ತು.

ನನ್ನ ತಂತಿ ಬಿಗಿ ಮಾಡಿಸುವ ದಿನ ಅವರನ್ನೂ ಎಳೆದುಕೊಂಡು ಕಲೂರಿಗೆ ಹೋದೆ. ಮೆಟ್ರೊದಲ್ಲಿ ದಾರಿಯುದ್ದಕ್ಕೂ ಅವರಿಗೆ ಒಂದೇ ಚಿಂತೆ. "ಆಕಿ ಬೈತಾಳ ನೋಡು. ಮಕ್ಕಳ ಮುಂದ ಬೈದರ ಮಾನಾ ಹೊಕ್ಕೈತಿ."

ಕುರ್ಚಿಗೆ ಒರಗಿದವರೇ ಡಾಕ್ಟರು ಕೇಳುವ ಮೊದಲೇ ಮಲಯಾಳದಲ್ಲಿ ಒಪ್ಪಿಕೊಂಡರು. "ಬಿಸಿನೀರು ಹಾಕಿದೆ ಡಾಕ್ಟರೇ. ಬೈದುಬಿಡ್ರಿ."

ಡಾಕ್ಟರು ನಕ್ಕಳು. ಬಟ್ಟೆಯ ತುಂಡಿನಲ್ಲಿ ನಾಲಿಗೆ ಹಿಡಿದು ಪಕ್ಕಕ್ಕೆ ಎಳೆದಳು. ದೀಪ ಹತ್ತಿರ ತಂದಳು. ನಗು ಹೋಯಿತು. ಗದ್ದದ ಕೆಳಗೆ, ಕತ್ತಿನ ಪಕ್ಕ ಬೆರಳಾಡಿಸಿ, ಒಂದು ಜಾಗದಲ್ಲಿ ನಿಲ್ಲಿಸಿದಳು.

"ಎತ್ರ ನಾಳಾಯಿ, ಚೇಚ್ಚೀ?"

ಎಷ್ಟು ದಿನವಾಯಿತೆಂಬ ಆ ಪ್ರಶ್ನೆಗೆ ಶಾಂತಕ್ಕ, "ಓಣಂ ಮುಗದ ಮ್ಯಾಲೆ" ಎಂದರು. ಡಾಕ್ಟರು ಬೈಯಲಿಲ್ಲ. ಕೈಗವಸು ಬಿಚ್ಚಿ, ಅವರ ಭುಜದ ಮೇಲೆ ಕೈಯಿಟ್ಟು, ಇದನ್ನು ಇವತ್ತೇ ಬೇರೆಯವರಿಗೆ ತೋರಿಸಬೇಕು ಎಂದಳು. ಶಾಂತಕ್ಕ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಭಯ ಕಂಡದ್ದು ಆಗಲೇ. "ಬೈಲಿಲ್ಲಲ್ಲವಾ ಆಕಿ" ಎಂದರು.

ಎರ್ನಾಕುಳದಲ್ಲಿ ಚೂರು ತೆಗೆದು ಪರೀಕ್ಷಿಸಿದರು. ಅಲ್ಲಿಂದ ತಿರುವನಂತಪುರದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ. ಸೊಟ್ಟ ಅಂಚಿನಿಂದಲೇ ಬಂತೇ ಎಂದು ನಾನು ಕೇಳಿದ್ದಕ್ಕೆ ಅಲ್ಲಿನವರು, ಹಾಗೆ ಹೇಳಲಾಗದು, ಅದು ಮೊದಲೇ ಶುರುವಾಗಿದ್ದಿರಬಹುದು, ಬಾಯಿಯ ಹುಣ್ಣು ಎರಡು ಮೂರು ವಾರಕ್ಕೆ ಮಾಯದಿದ್ದರೆ ಕಾರಣ ಏನೇ ಇರಲಿ ತೋರಿಸಬೇಕಿತ್ತು ಎಂದರು. ಕತ್ತಿಗೂ ಇಳಿದಿತ್ತು. ನಾಲಿಗೆಯ ಹೆಚ್ಚಿನ ಭಾಗ ತೆಗೆಯಬೇಕು, ಮಾತು ಮೊದಲಿನಂತೆ ಬರುವುದಿಲ್ಲ ಎಂದೂ ಹೇಳಿದರು.

ಶಾಂತಕ್ಕ ತ್ರಿಪ್ಪುಣಿತ್ತುರಕ್ಕೆ ಮರಳಲಿಲ್ಲ. ಶಸ್ತ್ರಚಿಕಿತ್ಸೆಯ ಮೇಲೆ ಸೋಂಕು ಎದೆಗಿಳಿಯಿತು. ನಾನು ಅವರನ್ನು ಕಡೆಯದಾಗಿ ಕಂಡದ್ದು ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಧ್ಯಾಹ್ನ, ಆಸ್ಪತ್ರೆಯ ಹತ್ತಿರದ ಲಾಡ್ಜಿನಲ್ಲಿ. ಗದಗಿನಿಂದ ಬಂದಿದ್ದ ಅವರ ಅಣ್ಣ ಔಷಧಿಗೆಂದು ಹೊರಗೆ ಹೋಗಿದ್ದರು. ಊರಲ್ಲಿದ್ದ ತಾಯಿಗೆ ಯಾರೂ ಏನೂ ತಿಳಿಸಿರಲಿಲ್ಲ. ಶಾಂತಕ್ಕ ಮಂಚದ ಮೇಲೆ ಕುಳಿತು, ಸ್ಪೀಕರ್ ಹಾಕಿ, ತಾಯಿಗೆ ಫೋನ್ ಮಾಡಿದರು. ಪ್ರತಿ ಮಾತಿಗೂ ಉಗುಳು ನುಂಗಿಕೊಳ್ಳಬೇಕಾಗಿತ್ತು.

"ಎವ್ವಾ, ನನ್ನ ತಿರುವನಂತಪುರಕ್ಕ ಕೆಲಸದ ಮ್ಯಾಲೆ ಹಾಕ್ಯಾರ. ಇಲ್ಲೆ ನೆಟ್‌ವರ್ಕ್ ಭಾಳ ಖರಾಬ್ ಐತಿ. ನಾಳಿಂದ ಫೋನ್ ಹತ್ತೂದಿಲ್ಲ. ಗಾಬರಿ ಆಗಬ್ಯಾಡ."

"ಈಗ ಚಲೋ ಕೇಳಸಾಕ ಹತ್ತೈತಲ್ಲ" ಎಂದಿತು ಮುದಿ ದನಿ.

"ಈಗ ಕೇಳಸ್ತೈತಿ."

"ಹಂಗಾರ ಇಡಬ್ಯಾಡ. ಮಾತಾಡು."

"ಏನ್ ಮಾತಾಡ್ಲೆವಾ?"

"ಏನರ ಮಾತಾಡು. ನಾ ಕೇಳ್ಕೊಂತ ಕುಂದರತೀನಿ."

ಶಾಂತಕ್ಕ ಶುರು ಮಾಡಿದರು. ಬಾಡಿಗೆ ಕೋಣೆಯ ಫ್ಯಾನಿನ ಬಗ್ಗೆ, ಕೊಬ್ಬರಿ ಎಣ್ಣೆಯ ಪಲ್ಯದ ಬಗ್ಗೆ, ಮಲಯಾಳಿಗಳು ಅನ್ನ ಕಲಸುವ ರೀತಿಯ ಬಗ್ಗೆ. ನನ್ನ ರೈಲಿಗೆ ಹೊತ್ತಾಗಿತ್ತು. ಹೊರಡುತ್ತೇನೆಂದು ಕೈಸನ್ನೆ ಮಾಡಿದೆ. ಮಾತು ನಿಲ್ಲಿಸದೆ ಅವರೂ ಕೈಯೆತ್ತಿದರು. ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದೆ. ಕೆಳಗೆ ರಸ್ತೆ ಮುಟ್ಟುವವರೆಗೂ ಆ ದನಿ ಕೇಳಿಸುತ್ತಲೇ ಇತ್ತು.